ತಾಳಕ್ಕೆ ಕೂಡದ ಮೂರು ಅಡಿ ಫಿಲ್ಮು

ಕತ್ತರಿಕೋಣೆ, ಟೆಲಿವಿಷನ್ ಕಟ್ಟಡದ ಎರಡನೇ ಮಹಡಿ
ತಾರೀಖು ಹದಿನೆಂಟು, ಬುಧವಾರ, ಊಟದ ವಿರಾಮ

ಪ್ರೀತಿಯ ತಮ್ಮಾ, ಗುಡುಗಪ್ಪಾ,

ನಾನು ಇಲ್ಲಿ ಕ್ಷೇಮ. ನಿನ್ನ ಕ್ಷೇಮವನ್ನು ಒಟ್ಟಾಗಿ ವಿಚಾರಿಸುವ ಧೈರ್ಯವಿಲ್ಲದ್ದರಿಂದ ಬಿಡಿಬಿಡಿಯಾಗಿ ವಿಚಾರಿಸುತ್ತಿದ್ದೇನೆ. ಬಲಗೈ ಗೆಣ್ಣುಗಳ ಬಾವು ಇಳಿಯಿತೆ? ಎಡಪಕ್ಕೆಯ ಎಲುಬು ಸೀನಿದಾಗ ಇನ್ನೂ ಕಟಕ್ ಅನ್ನುತ್ತದೆಯೆ? ಅಲ್ಲಾಡುತ್ತಿದ್ದ ಕೋರೆಹಲ್ಲು ಗಟ್ಟಿಯಾಯಿತೋ, ಇಲ್ಲ ತನ್ನ ದಾರಿ ತಾನು ನೋಡಿಕೊಂಡಿತೋ? ಅತ್ತೆಯ ಮನೆಯ ಅಟ್ಟದಲ್ಲಿ ನಿನ್ನಷ್ಟು ಉದ್ದದವನು ನೆಟ್ಟಗೆ ನಿಲ್ಲಲಾರ. ಆದ್ದರಿಂದ ಇಪ್ಪತ್ತು ದಿನಗಳಿಂದ ನೀನು ತಲೆ ತಗ್ಗಿಸಿಕೊಂಡೇ ಇದ್ದೀಯ ಎಂದು ಲೆಕ್ಕ ಹಾಕಿ ಅಮ್ಮ ತುಸು ಸಮಾಧಾನ ಮಾಡಿಕೊಂಡಿದ್ದಾಳೆ. "ಹುಟ್ಟಿದ ದಿನಾನೇ ಸೂಲಗಿತ್ತಿ ಮೂಗಿಗೆ ಒದ್ದವನು ಅವನು, ಈಗಲಾದ್ರೂ ತಲೆ ತಗ್ಗಿಸೋದು ಕಲೀಲಿ" ಅನ್ನುತ್ತಾಳೆ. ಹಾಗೆ ಅಂದವಳೇ ಒಳಗೆ ಹೋಗಿ, ಅತ್ತೆ ಕಳಿಸಿದ ನಿನ್ನ ಅಂಗಿಯನ್ನು ಇನ್ನೊಂದು ಸಲ ಒಗೆಯುತ್ತಾಳೆ. ಕಾಲರಿನ ರಕ್ತ ಹೋಗಿ ಹದಿನೈದು ದಿನವಾಯಿತು. ಈಗ ಕಾಲರೇ ಹೋಗುವುದರಲ್ಲಿದೆ.

ಬಸ್ಸಿನ ಕಂಡಕ್ಟರ್ ತಂದುಕೊಟ್ಟ ಸೋಪಿನ ಡಬ್ಬಿಯೊಳಗೆ ನಿನ್ನ ಚೀಟಿ ಸಿಕ್ಕಿತು. ಮೂರೇ ಸಾಲು, ಮೂರರಲ್ಲೂ ಹೊಡೆತವೇ. ಮೊದಲ ಸಾಲು: "ಅಕ್ಕ, ನಾನು ಮೊದಲು ಹೊಡೀಲಿಲ್ಲ." ಎರಡನೆಯದು: "ಆ ಹಾಡುಚಿತ್ರ ಜೋಡಿಸಿದ ಬಡ್ಡಿಮಗ ಯಾರು ಅಂತ ಪತ್ತೆ ಮಾಡು, ಅವನ ಹತ್ತೂ ಬೆರಳು ಮುರೀತೀನಿ." ಮೂರನೆಯದು: "ಅವನು ಮೊದಲು ಹೊಡೆದಿರೋ ತುಂಡು ನಿಮ್ಮ ಕೋಣೇಲೇ ಎಲ್ಲೋ ಬಿದ್ದಿರುತ್ತೆ, ಅದಷ್ಟನ್ನೇ ಕತ್ತರಿಸಿ ಪೊಲೀಸ್ರಿಗೆ ಕೊಡು." ನಾಲ್ಕನೇ ಸಾಲಿನಲ್ಲಿ ಅಕ್ಕನ ಆರೋಗ್ಯ ವಿಚಾರಿಸಿರಬಹುದೇನೋ ಎಂಬ ಆಸೆಯಿಂದ ಕಾಗದ ತಿರುಗಿಸಿ ನೋಡಿದೆ. ಹಿಂದೆ ಸೋಪಿನ ವಾಸನೆ ಮಾತ್ರ ಇತ್ತು. ಇರಲಿ. ಎರಡನೇ ಸಾಲಿಗೂ ಮೊದಲನೆಯದಕ್ಕೂ ಉತ್ತರ ಕೊಡುತ್ತೇನೆ. ಮೂರನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ, ಅವಸರ ಮಾಡಬೇಡ.

ಆ ಗುರುವಾರ ಮಧ್ಯಾಹ್ನ ಡ್ಯಾನ್ಸ್ ಹಾಲಿನಲ್ಲಿ ಆದದ್ದನ್ನು ನಿನಗೇ ಹೇಳುವುದು ಅಧಿಕಪ್ರಸಂಗವೆನ್ನಿಸಬಹುದು. ಆದರೆ ನೀನು ಹೊಡೆಯುವಾಗ ನೋಡುವವನಲ್ಲ, ನಾನಾದರೋ ಫಿಲ್ಮಿನಲ್ಲಿ ನಲವತ್ತು ಸಲ ನೋಡಿದ್ದೇನೆ. ನಿಮ್ಮ ಬ್ಯಾಂಡಿನ ಹಾಡಿಗೆ ಜನ ಕುರ್ಚಿಯ ಮೇಲೆ ಹತ್ತಿ ಕುಣಿದರು. ಹನ್ನೊಂದು ಕುರ್ಚಿ ಮುರಿದ ಮೇಲೆ ಹಾಲಿನ ಮಾಲೀಕ ವಿದ್ಯುತ್ ತೆಗೆಸಿದ. ಮಾನವಂತರು ಅಲ್ಲಿಗೆ ನಿಲ್ಲಿಸುತ್ತಾರೆ. ನಿಮ್ಮ ಹಾಡುಗಾರ, ಆ ಸಕ್ಕರೆಬಾಯಿ, ಮೈಕಿಲ್ಲದೆಯೇ ಕಿರುಚಲು ಶುರುಮಾಡಿದ. ನೀನು ಅವನಿಗಿಂತ ಜೋರಾಗಿ ಡ್ರಮ್ಮು ಬಡಿದೆ. ಆಗ ಬಾಗಿಲು ಕಾಯುವವನು, ನೀವೆಲ್ಲ ಗೋಡೆ ಅಂತ ಕರೆಯುತ್ತೀರಲ್ಲ ಆ ಆಳು, ಬಾಗಿಲಿನ ಕಬ್ಬಿಣದ ಅಗಳಿಯನ್ನೇ ಕಿತ್ತುಕೊಂಡು ವೇದಿಕೆ ಹತ್ತಿದ. ಆಮೇಲೆ ಅಲ್ಲಿ ಆದದ್ದಕ್ಕೆ ಹೊಡೆದಾಟ ಎನ್ನುವುದು ಸಣ್ಣ ಮಾತು. ಸಕ್ಕರೆಬಾಯಿಯ ದವಡೆ ಎರಡು ಕಡೆ ಮುರಿಯಿತು. ತುತ್ತೂರಿಯೊಳಗಿಂದ ಮಾರನೆಯ ದಿನ ಯಾರದೋ ಹಲ್ಲು ಸಿಕ್ಕಿತು, ವಾರಸುದಾರರು ಇನ್ನೂ ಬಂದಿಲ್ಲ. ಗೋಡೆಯ ತಲೆಬುರುಡೆ ಬಿರುಕು ಬಿಟ್ಟಿತು. ಇನ್ನೂರು ಜನ ಸಾಕ್ಷಿಗಳಿದ್ದರು ನಿಜ, ಆದರೆ ಆ ಹೊತ್ತಿಗೆ ಇನ್ನೂರು ತಲೆಗಳೂ ಬೇರೆ ಇನ್ನೂರು ಕಂಕುಳಲ್ಲಿ ಸಿಕ್ಕಿಕೊಂಡಿದ್ದವು. ಸಕ್ಕರೆಬಾಯಿಗಂತೂ ಕಣ್ಣು ಮುಚ್ಚಿ ಹಾಡುವ ಚಟ, ಅವನು ಏನನ್ನೂ ನೋಡಿಲ್ಲ. ಕಣ್ಣು ತೆರೆದುಕೊಂಡಿದ್ದ ಪುಣ್ಯಾತ್ಮನೆಂದರೆ ನಮ್ಮ ಕ್ಯಾಮೆರಾದವನೊಬ್ಬನೇ. ಸುದ್ದಿಗೆ ನಾಲ್ಕು ಅಡಿ ಚಿತ್ರ ತರಲು ಹೋಗಿದ್ದವನು ಬಾಲ್ಕನಿಯ ಕಂಬದ ಹಿಂದೆ ಬಚ್ಚಿಟ್ಟುಕೊಂಡು ಇಡೀ ಸುರುಳಿ ಮುಗಿಸಿ ಬಂದ. ಅವನದು ಕೀಲಿ ಕೊಟ್ಟು ಓಡಿಸುವ ಸಣ್ಣ ಕ್ಯಾಮೆರಾ. ಚಿತ್ರ ಹಿಡಿಯುತ್ತದೆ, ಸದ್ದು ಹಿಡಿಯುವುದಿಲ್ಲ. ಮೂಳೆ ಮುರಿದ ಸದ್ದು ನಾನು ಕೇಳಿಲ್ಲ, ಅದೊಂದು ಪುಣ್ಯ.

ಮಾರನೆಯ ದಿನ ಶುಕ್ರವಾರ ಸಂಜೆ ಐದೂವರೆಗೆ ನಿಮ್ಮ ಬ್ಯಾಂಡು ನಮ್ಮ ಸ್ಟುಡಿಯೋಕ್ಕೆ ಬಂದು ಹಾಡಬೇಕಿತ್ತು. ದವಡೆಗೆ ತಂತಿ ಬಿಗಿಸಿಕೊಂಡವನು ಏನು ಹಾಡಿಯಾನು? ಡ್ರಮ್ಮಿನವನು ಎಂದಿನಂತೆ, ಅಮ್ಮನ ಕೋಪ ಇಳಿಯುವವರೆಗೆ, ಅತ್ತೆಯ ಮನೆ ಸೇರಿದ್ದ. ನಮ್ಮ ಮೇಲಧಿಕಾರಿಯನ್ನು ನೀನು ಬಲ್ಲೆ. ಕೊರಳಿಗೆ ಗಡಿಯಾರ ಕಟ್ಟಿಕೊಂಡು ಓಡಾಡುವ ಸೆಕೆಂಡು ಸಾಹೇಬರು. ಅವರಿಗೆ ದೇವರು ಮುನಿದರೆ ಬೇಸರವಿಲ್ಲ, ಪರದೆ ಖಾಲಿಯಾದರೆ ಎದೆ ಒಡೆಯುತ್ತದೆ. ಕಾರ್ಯಕ್ರಮ ತಪ್ಪಿದಾಗಲೆಲ್ಲ ಸ್ಟುಡಿಯೋದ ಮೂಲೆಯಲ್ಲಿರುವ ಮೀನುತೊಟ್ಟಿಗೆ ಕ್ಯಾಮೆರಾ ತಿರುಗಿಸುವುದು ನಮ್ಮ ಪದ್ಧತಿ. ಆ ಮೂರು ಮೀನುಗಳು ಈ ಊರಿನ ಯಾವ ನಟನಿಗಿಂತಲೂ ಹೆಚ್ಚು ಹೊತ್ತು ಟೀವಿಯಲ್ಲಿ ಕಾಣಿಸಿಕೊಂಡಿವೆ. ಒಂದಕ್ಕೆ ಅಭಿಮಾನಿಗಳ ಕಾಗದವೂ ಬರುತ್ತಿತ್ತು. ಆದರೆ ಅಂದು ಸಾಹೇಬರು ಮೇಜು ಗುದ್ದಿದರು. "ಮೀನು ಸಾಕು! ಹಾಡೋನಿಲ್ಲದಿದ್ರೆ ಹಾಡಿಲ್ವಾ? ರೆಕಾರ್ಡ್ ಇದೆಯಲ್ರೀ! ನಿನ್ನೆ ತಂದ ಫಿಲ್ಮೂ ಇದೆಯಲ್ರೀ! ಎರಡನ್ನೂ ಸೇರಿಸಿ! ಎರಡು ನಿಮಿಷ ನಲವತ್ತೆಂಟು ಸೆಕೆಂಡು, ಒಂದು ಸೆಕೆಂಡು ಜಾಸ್ತಿ ಇಲ್ಲ, ಕಮ್ಮಿ ಇಲ್ಲ!" ಹೀಗೆ, ತಮ್ಮಾ, ಹಾಡುವವನು ಆಸ್ಪತ್ರೆಯಲ್ಲಿರುವಾಗ ಅವನ ಹಾಡು ಟೀವಿಯಲ್ಲಿ ಕಾಣಿಸಿಕೊಳ್ಳುವ ವಿದ್ಯೆ ನಮ್ಮ ಊರಲ್ಲಿ ಹುಟ್ಟಿತು. ಅದಕ್ಕೆ ಹಾಡುಚಿತ್ರ ಅಂತ ಹೆಸರಿಟ್ಟವರೂ ಸಾಹೇಬರೇ.

ಈಗ ನಿನ್ನ ಎರಡನೇ ಸಾಲಿಗೆ ಉತ್ತರ. ಜೋಡಿಸಿದವನನ್ನು ಪತ್ತೆ ಮಾಡಿದ್ದೇನೆ. ಅವನು ಅವನಲ್ಲ, ಅವಳು. ಬೆರಳು ಹತ್ತೂ ಇವೆ. ಬಲಗೈ ಹೆಬ್ಬೆರಳಲ್ಲಿ ಬ್ಲೇಡಿನ ಗೀರು, ಎಡಗೈ ಕಿರುಬೆರಳಲ್ಲಿ ನೀನು ಮೂರು ವರ್ಷದವನಿದ್ದಾಗ ಕಚ್ಚಿದ ಗುರುತು. ಆ ಬೆರಳುಗಳು ಸದ್ಯಕ್ಕೆ ಈ ಕಾಗದ ಬರೆಯುತ್ತಿವೆ. ಕುಳಿತುಕೊಂಡು ಓದು, ಎದ್ದರೆ ಅಟ್ಟದ ತೊಲೆ ನೆತ್ತಿಗೆ ಬಡಿದೀತು. ಆ ಶುಕ್ರವಾರ ನನಗೆ ಸಿಕ್ಕಿದ್ದು ಎರಡು ಗಂಟೆ. ಫಿಲ್ಮನ್ನು ತುಂಡು ತುಂಡಾಗಿ ಕತ್ತರಿಸಿ ಮೊಳೆಗಳಿಗೆ ತೂಗುಹಾಕಿದೆ, ತುದಿಗಳು ಕೆಳಗಿನ ಬಟ್ಟೆಚೀಲದೊಳಗೆ ಇಳಿಬಿದ್ದಿದ್ದವು. ರೆಕಾರ್ಡ್ ಹಾಕಿ, ನಿನ್ನ ಡ್ರಮ್ಮಿನ ಒಂದೊಂದು ಏಟಿಗೂ ಖಾಲಿ ಫಿಲ್ಮಿನ ಮೇಲೆ ಹಳದಿ ಪೆನ್ಸಿಲಿನಿಂದ ಗುರುತು ಮಾಡಿದೆ. ಆಮೇಲೆ ಗುರುತಿಗೊಂದು ಹೊಡೆತ ಹುಡುಕಿ ಅಂಟಿಸುತ್ತ ಹೋದೆ. ಧಡ್ ಅಂದರೆ ಒಬ್ಬನ ಮೂಗಿಗೆ ಮೊಣಕೈ. ಧಡ್ ಅಂದರೆ ಒಬ್ಬಳ ಚಪ್ಪಲಿ ಇನ್ನೊಬ್ಬನ ಕೆನ್ನೆಗೆ. ಢಣ್ ಅಂದರೆ ಕುರ್ಚಿ ಬೆನ್ನಿಗೆ. ಎಂಥಾ ಸೊಗಸಾಗಿ ಕೂಡಿತು ಅಂತೀಯ! ರಕ್ತ ಕೂಡ ತಾಳಕ್ಕೆ ಸರಿಯಾಗಿ ಚಿಮ್ಮಿತು. ಹಾಡಿನ ನಡುವೆ ಎಲ್ಲ ವಾದ್ಯಗಳೂ ಉಸಿರು ಕಟ್ಟಿ ನಿಲ್ಲುತ್ತವಲ್ಲ, ಆಮೇಲೆ ನೀನೊಬ್ಬನೇ ದೊಡ್ಡ ಡ್ರಮ್ಮಿಗೆ ಒಂದು ಏಟು ಕೊಡುತ್ತೀಯಲ್ಲ, ಅಲ್ಲಿಗೆ ಯಾವುದು ಹಾಕಲಿ ಅಂತ ಯೋಚಿಸಲೇ ಇಲ್ಲ. ತಾಳದ ಬಟ್ಟಲು ನಿಲ್ಲಿಸುವ ಕಬ್ಬಿಣದ ಕಂಬ ಎತ್ತಿ ನೀನು ಗೋಡೆಯ ತಲೆಗೆ ಹೊಡೆದದ್ದನ್ನು ಹಾಕಿದೆ. ನನ್ನ ತಮ್ಮನ ಏಟಿಗೆ ನನ್ನ ತಮ್ಮನ ತೋಳು! ಊರೆಲ್ಲ ನೋಡಲಿ ಎಂಬ ಹೆಮ್ಮೆ ನನಗೆ. ಗೋಡೆ ಅಗಳಿಯಿಂದ ಸಕ್ಕರೆಬಾಯಿಗೆ ಹೊಡೆದ ತುಂಡು ಮಿಕ್ಕಿತು, ಅದನ್ನು ಕೊನೆಯಲ್ಲಿ ತುತ್ತೂರಿ ಕಿರುಚುವ ಕಡೆ ಅಂಟಿಸಿದೆ. ಹಿಂದಿನದು ಮುಂದಾಯಿತು, ಮುಂದಿನದು ಹಿಂದಾಯಿತು. ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಗೋಡೆಗೆ ಪ್ರಜ್ಞೆ ಬಂದಿಲ್ಲ ಎಂಬುದು ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ. ವಾರಕ್ಕೊಂದು ಹೊಡೆದಾಟ ನಿಮ್ಮದು, ಇದೂ ಒಂದು ಅಂದುಕೊಂಡಿದ್ದೆ.

ಐದೂವರೆಗೆ ಹಾಡುಚಿತ್ರ ಹೋಯಿತು. ಐದು ಮೂವತ್ತಮೂರಕ್ಕೆ ಟೆಲಿಫೋನು ಬಡಿದುಕೊಳ್ಳಲು ಶುರುವಾಯಿತು. ಎಲ್ಲರದೂ ಒಂದೇ ಮಾತು: ಮತ್ತೆ ಹಾಕಿ. ಸಾಹೇಬರು ಅಂದಿನಿಂದ ದಿನಾ ಹಾಕಿಸಿದರು, ನನ್ನನ್ನು ಹಾಡುಚಿತ್ರ ವಿಭಾಗದ ಮುಖ್ಯಸ್ಥೆ ಮಾಡಿದರು. ವಿಭಾಗದಲ್ಲಿರುವುದು ನಾನು, ಒಂದು ಸ್ಟೂಲು, ಅಂಟಿನ ಶೀಷೆ. ಮರುವಾರವೇ ಊರಿನ ಹಾಡುಗಾರರೆಲ್ಲ ಮೆಟ್ಟಿಲ ಮೇಲೆ ಸಾಲುಗಟ್ಟಿದರು. ಲಾಲಿ ಹಾಡುವ ಒಬ್ಬಾಕೆ ಬಂದು ನಾಚಿಕೊಂಡು ಕೇಳಿದಳು, "ಮೇಡಂ, ನಮ್ಮ ಹಾಡಲ್ಲೂ ಯಾರಾದ್ರೂ ಕಿಟಕಿಯಿಂದ ಬೀಳ್ತಾರಾ?" ಪ್ರೇಮಗೀತೆಯ ಜೋಡಿಯೊಂದು ಸ್ಟುಡಿಯೋದಲ್ಲಿ ಒಬ್ಬರಿಗೊಬ್ಬರು ಸುಳ್ಳುಸುಳ್ಳೇ ಕಪಾಳಕ್ಕೆ ಕೊಟ್ಟುಕೊಳ್ಳಲು ಶುರುಮಾಡಿತು. ಮೂರನೇ ಕಪಾಳ ನಿಜವಾಯಿತು, ನಾಲ್ಕನೆಯದಕ್ಕೆ ಹಳೆಯ ವಿಷಯಗಳೆಲ್ಲ ಹೊರಗೆ ಬಂದವು, ಐದನೆಯದಕ್ಕೆ ಅವಳ ಕಿವಿಯ ಓಲೆ ಕಿತ್ತುಬಂತು. ಬಿಡಿಸಲು ಹೋದ ಬಡಗಿಯ ಹೆಬ್ಬೆರಳು ಹಿಂದಕ್ಕೆ ಮಡಿಚಿಕೊಂಡಿತು. ಸಾಹೇಬರು ಕೊರಳಿನ ಗಡಿಯಾರ ನೋಡುತ್ತ, "ಭೇಷ್, ಇನ್ನೊಂದು ಹದಿನಾಲ್ಕು ಸೆಕೆಂಡು" ಅಂದರು. ಒಬ್ಬ ಪಿಟೀಲಿನವನು ಹೊಡೆಸಿಕೊಳ್ಳಲು ತನ್ನ ಭಾವಮೈದುನನನ್ನೇ ಕರೆತಂದಿದ್ದ. ಆ ಭಾವಮೈದುನ ಬಹಳ ವರ್ಷಗಳಿಂದ ಇಂಥದೊಂದು ಅವಕಾಶಕ್ಕೆ ಕಾಯುತ್ತಿದ್ದನಂತೆ, ತಾನೇ ಮುಂದಾಗಿ ಹೊಡೆದ. ಪಿಟೀಲು ಈಗ ಎರಡು. ನಗಬೇಡ. ನಾನೂ ಆಗ ನಕ್ಕಿದ್ದೆ, ಆಮೇಲೆ ನಿಂತಿತು.

ಯಾಕೆಂದರೆ ಹಾಡುಚಿತ್ರ ಶನಿವಾರವೇ ಸಾಕ್ಷಿ ಹೇಳಲು ಹೊರಟಿತ್ತು. ಇನ್ಸ್‌ಪೆಕ್ಟರ್ ನಮ್ಮ ಬಾಗಿಲಿಗೆ ಬಂದು, "ನಿಮ್ಮ ತಮ್ಮ ಮೊದಲು ಹೊಡೆದಿದ್ದು ಇಡೀ ಊರು ನೋಡಿದೆಯಮ್ಮಾ, ನನ್ನ ಹೆಂಡತಿ ಮಕ್ಕಳೂ ನೋಡಿದಾರೆ" ಅಂದರು. ಗೋಡೆಗೆ ಹನ್ನೊಂದನೇ ದಿನ ಪ್ರಜ್ಞೆ ಬಂತು. ಬಲಗಣ್ಣು ಹೋಗಿದೆ. ಆ ಗುರುವಾರದ್ದು ಏನೂ ನೆನಪಿಲ್ಲ. ಕಂಬದಿಂದ ಹೊಡೆದು ಕೊಲ್ಲಲು ನೋಡಿದ ಎಂದು ನಿನ್ನ ಮೇಲೆ ಮೊಕದ್ದಮೆ ಆಗಿದೆ. ಸಿಕ್ಕರೆ ಏಳೆಂಟು ವರ್ಷ ಒಳಗೆ. ಇದಿಷ್ಟೂ ಗೊತ್ತಿದ್ದು ನಾನು ದಿನಾ ಐದೂವರೆಗೆ ಆ ಸುರುಳಿಯನ್ನು ಯಂತ್ರಕ್ಕೆ ಏರಿಸುತ್ತಲೇ ಇದ್ದೆ. ನೌಕರಿ ಅನ್ನು, ಹೇಡಿತನ ಅನ್ನು. ಮೊನ್ನೆ ಸೋಮವಾರ ಗೋಡೆಯ ತಾಯಿ ಬಂದರು. ಅಷ್ಟು ದೊಡ್ಡ ಗೋಡೆಯನ್ನು ಹೆತ್ತವರು ಇಷ್ಟು ಸಣ್ಣಗಿದ್ದಾರೆ ಅಂತ ನನಗೆ ಆಶ್ಚರ್ಯವಾಯಿತು. ಬೆಂಚಿನ ಮೇಲೆ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಜೋಡಿಸುವವರು ಯಾರು ಅಂತ ಕೇಳಿ ನನ್ನ ಹತ್ತಿರ ಬಂದರು. ಬಯ್ಯುತ್ತಾರೆ ಅಂತ ಸಿದ್ಧಳಾಗಿ ನಿಂತೆ. ಬಯ್ಯಲಿಲ್ಲ. "ದಿನಾ ಸಾಯಂಕಾಲ ಐದೂವರೆಗೆ ನನ್ನ ಮಗನಿಗೆ ಹೊಡೀತೀರಿ. ಆಸ್ಪತ್ರೇಲೂ ಟೀವಿ ಇದೆ ತಾಯಿ. ಅವನು ಆ ಹೊತ್ತಿಗೆ ಗೋಡೆ ಕಡೆ ತಿರುಗಿ ಮಲಕ್ಕೋತಾನೆ. ಒಂದು ದಿನ ರಜಾ ಕೊಡಿ" ಅಂದರು. ಅಷ್ಟೇ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡು ಒಂದೊಂದಾಗಿ ಇಳಿದರು.

ನಿನ್ನೆ ನಾನು ಸುರುಳಿ ಏರಿಸಲಿಲ್ಲ. ಸಾಹೇಬರು ನನ್ನನ್ನು ಸ್ಟುಡಿಯೋಕ್ಕೆ ಕರೆಸಿ, ಕೋಪದಲ್ಲಿ ಕೈಗೆ ಸಿಕ್ಕಿದ ಫಿಲ್ಮ್ ಡಬ್ಬಿ ನನ್ನ ಹಣೆಗೆ ಗುರಿಯಿಟ್ಟು ಎಸೆದರು. ಅವರ ಗುರಿ ಅವರ ಗಡಿಯಾರದಷ್ಟು ನಿಖರವಲ್ಲ. ಡಬ್ಬಿ ನನ್ನ ಕಿವಿ ಸವರಿಕೊಂಡು ಹೋಗಿ ಮೀನುತೊಟ್ಟಿಗೆ ಬಿತ್ತು. ಗಾಜು ಒಡೆದು ಮೂರು ಮೀನುಗಳೂ ನೆಲದ ಮೇಲೆ ಹೊರಳಾಡಿ ಹುತಾತ್ಮರಾದವು. ಎರಡು ನಿಮಿಷ ನಲವತ್ತೆಂಟು ಸೆಕೆಂಡು ಪರದೆ ಖಾಲಿ ಇತ್ತು. ಊರಿಗೆ ಏನೂ ಆಗಲಿಲ್ಲ.

ಈಗ ನಿನ್ನ ಮೊದಲನೇ ಸಾಲು. ಅದು ನಿಜ, ಮತ್ತು ಅದಕ್ಕೆ ಪುರಾವೆ ಇದೆ. ಫಿಲ್ಮಿನ ಅಂಚಿನಲ್ಲಿ ಅಡಿಗೊಂದರಂತೆ ಕಾರ್ಖಾನೆಯಲ್ಲೇ ಅಂಕಿ ಅಚ್ಚಾಗಿರುತ್ತದೆ. ನಾವು ಹೇಗೆ ಬೇಕಾದರೂ ಕತ್ತರಿಸಿ ತಿರುವುಮುರುವು ಮಾಡಬಹುದು, ಆ ಅಂಕಿ ಮಾತ್ರ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ಮರೆಯುವುದಿಲ್ಲ. ನಿನ್ನೆ ಬಾಗಿಲು ಹಾಕಿಕೊಂಡು ಹಾಡುಚಿತ್ರದ ಅಂಟೆಲ್ಲ ಬಿಡಿಸಿದೆ, ಚೀಲದೊಳಗೆ ಬಿದ್ದಿದ್ದ ತುಂಡುಗಳನ್ನೂ ಹೆಕ್ಕಿದೆ, ಎಲ್ಲವನ್ನೂ ಅಂಕಿ ನೋಡಿಕೊಂಡು ಸಾಲಾಗಿ ಜೋಡಿಸಿದೆ. ೪೧೨ರಲ್ಲಿ ಗೋಡೆ ಅಗಳಿ ಎತ್ತುತ್ತಾನೆ. ೪೧೩ರಲ್ಲಿ ಸಕ್ಕರೆಬಾಯಿಯ ದವಡೆ ಪಕ್ಕಕ್ಕೆ ಹೋಗುತ್ತದೆ. ೪೧೪ರಲ್ಲಿ ಬಿದ್ದವನ ಮೇಲೆ ಅಗಳಿ ಮತ್ತೆ ಏಳುತ್ತದೆ. ೪೧೫ರಲ್ಲಿ ನಿನ್ನ ಕಂಬ. ೪೧೬ರಲ್ಲಿ ಗೋಡೆ ಬೀಳುತ್ತಾನೆ. ನೀನು ಮೊದಲು ಹೊಡೆಯಲಿಲ್ಲ. ನೀನು ಹೊಡೆಯದಿದ್ದರೆ ಸಕ್ಕರೆಬಾಯಿ ಇವತ್ತು ದವಡೆಗೆ ತಂತಿ ಕಟ್ಟಿಕೊಂಡು ನಮ್ಮನ್ನು ಬಯ್ಯಲು ಇರುತ್ತಿರಲಿಲ್ಲ. ನಿನ್ನ ಮೇಲೆ ಸುಳ್ಳು ಹೇಳಿದ್ದು ನನ್ನ ಕತ್ತರಿ. ಇದನ್ನು ಬರೆದು ಓದಿದಾಗ ಸಣ್ಣದಾಗಿ ಕಾಣುತ್ತದೆ, ಆದರೆ ಇದಕ್ಕಿಂತ ದೊಡ್ಡದಾಗಿ ಬರೆಯಲು ನನಗೆ ಬರುವುದಿಲ್ಲ. ಇವತ್ತು ಬೆಳಿಗ್ಗೆ ಠಾಣೆಗೆ ಹೋಗಿ ಅಂಕಿಯ ವಿಷಯ ಹೇಳಿದೆ. ಇನ್ಸ್‌ಪೆಕ್ಟರ್ ಬಹಳ ಹೊತ್ತು ಕಿವಿ ಕೆರೆದುಕೊಂಡು, "ತುಂಡು ತಂದ್ರೆ ತುಂಡು ಅಂತೀನಿ. ಆ ಹೊಡೆದಾಟದ ಸುರುಳಿ ಮೊದಲಿಂದ ಕೊನೇವರೆಗೂ ತನ್ನಿ, ನೋಡೋಣ. ಶನಿವಾರ ಹತ್ತು ಗಂಟೆ" ಅಂದರು.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರ ಪಾತ್ರೆಗಳ ಮೇಲೆ ತಾಳ ಹಾಕಬೇಡ, ಆ ಮನೆಯಲ್ಲಿರುವುದೇ ನಾಲ್ಕು. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಎರಡು ಬೈಗುಳ. ಬೈಗುಳ ನಾನು ಇಟ್ಟುಕೊಂಡಿದ್ದೇನೆ, ಆಶೀರ್ವಾದ ನಿನಗೆ ಕಳಿಸಿದ್ದೇನೆ. ಪಕ್ಕೆ ಎಲುಬನ್ನು ಜೋಪಾನ ಮಾಡಿಕೋ.

ನಿನ್ನನ್ನು ಎತ್ತಿ ಆಡಿಸಿ, ಕಚ್ಚಿಸಿಕೊಂಡು, ಕೊನೆಗೆ ಟೀವಿಗೂ ಹತ್ತಿಸಿದ,
ಅಕ್ಕ

ಮರೆತಿದ್ದ ಮಾತು: ಮರೆತಿರಲಿಲ್ಲ, ಸಹಿ ಹಾಕುವವರೆಗೆ ಧೈರ್ಯ ಬರಲಿಲ್ಲ. ಕಂಡಕ್ಟರ್ ಕೆಳಗೆ ಹಾರ್ನ್ ಹೊಡೆಸುತ್ತಿದ್ದಾನೆ, ಬೇಗ ಹೇಳುತ್ತೇನೆ. ಅಂಕಿ ೪೧೬ಕ್ಕೆ ಮುಗಿಯುವುದಿಲ್ಲ. ೪೧೭, ೪೧೮, ೪೧೯ ಇವೆ. ಮೂರು ಅಡಿ, ಐದು ಸೆಕೆಂಡು. ಅವನು ನೆಲದ ಮೇಲಿದ್ದಾನೆ. ಅಗಳಿ ಕೈಬಿಟ್ಟು ದೂರ ಉರುಳಿದೆ. ಒಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಾನೆ. ನೀನು ಇನ್ನೂ ಮೂರು ಸಲ ಹೊಡೆಯುತ್ತೀಯ, ಎರಡನೆಯದು ಕಣ್ಣಿಗೆ. ಆ ಶುಕ್ರವಾರವೂ ಈ ತುಂಡು ನನ್ನ ಕೈಯಲ್ಲಿತ್ತು, ತಾಳಕ್ಕೆ ಕೂಡುವುದಿಲ್ಲ ಅಂತ ಚೀಲಕ್ಕೆ ಬಿಟ್ಟಿದ್ದೆ. ತೊಟ್ಟಿಲಲ್ಲಿ ಕಾಲು ಬಡಿಯುವಾಗಲೂ ತಾಳ ತಪ್ಪದಿದ್ದ ನೀನು ಅಲ್ಲಿ ತಪ್ಪಿದ್ದೀಯ. ನೀನು ಮೂರನೇ ಸಾಲಿನಲ್ಲಿ ಕೇಳಿದ್ದು ನನಗೆ ಕಷ್ಟದ ಕೆಲಸವಲ್ಲ. ೪೧೬ಕ್ಕೂ ೪೧೭ಕ್ಕೂ ನಡುವೆ ಕೂದಲಿನಷ್ಟು ಗೆರೆ, ನಿನ್ನೆ ಅದರ ಮೇಲೆ ಬ್ಲೇಡು ಇಟ್ಟುಕೊಂಡು ಕೂತಿದ್ದೆ. ಕೊನೆ ಇಲ್ಲೇ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕತ್ತರಿಸಲಿಲ್ಲ, ತಮ್ಮಾ. ಒಂದು ಸಲ ನಿನ್ನ ವಿರುದ್ಧ ಸುಳ್ಳು ಹೇಳಿಸಿದ ಫಿಲ್ಮಿನಿಂದ ಇನ್ನೊಂದು ಸಲ ನಿನ್ನ ಪರವಾಗಿ ಸುಳ್ಳು ಹೇಳಿಸಲು ಕೈ ಬರಲಿಲ್ಲ. ಶನಿವಾರ ಇಡೀ ಸುರುಳಿ ನನ್ನ ಚೀಲದಲ್ಲಿರುತ್ತದೆ. ಶುಕ್ರವಾರದ ಬಸ್ಸಿಗೆ ಬಾ. ಬೆರಳು ಮುರಿಯಲೇಬೇಕು ಅನ್ನಿಸಿದರೆ ಅಂದೇ ಮುರಿ, ಆಮೇಲೂ ಸುರುಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡಾದರೂ ಒಯ್ಯುತ್ತೇನೆ. ಅದು ಒಂಟಿಯಾಗಿ ಠಾಣೆಗೆ ಹೋದರೆ ನಿನ್ನ ಬಗ್ಗೆ ಒಂದು ಮಾತು, ನೀನೇ ಅದರ ಜೊತೆ ನಡೆದುಹೋದರೆ ಇನ್ನೊಂದು ಮಾತು. ಅಮ್ಮನಿಗೆ ಇದ್ಯಾವುದನ್ನೂ ಹೇಳಿಲ್ಲ. ಆದರೆ ಅವಳು ಇವತ್ತು ನಿನ್ನ ಅಂಗಿ ಒಗೆಯಲಿಲ್ಲ, ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದಾಳೆ.